ಹನ್ನೊಂದು ಖಣದ ಕಪಾಟು

ನಮ್ಮ ಮನೆತನದವರು ಇನ್ನೊಬ್ಬ ಬಡಿಗರ ಕೈಯಿಂದ ಕೆಲಸ ಮಾಡಿಸಿಕೊಂಡದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ಬಟ್ಟೆ ಹೊಲಿಸಲು ಸಿಂಪಿಗರ ಹತ್ತಿರ ಹೋಗುತ್ತಿದ್ದೆವು, ಗಡಿಗೆಗೆ ಕುಂಬಾರರ ಮನೆಗೆ ಹೋಗುತ್ತಿದ್ದೆವು. ಕಟ್ಟಿಗೆಯ ಕೆಲಸ ಮಾತ್ರ, ಕುರ್ಚಿಯ ಕಾಲು ಮುರಿದಿರಲಿ, ಬಾಗಿಲು ಜೋತುಬಿದ್ದಿರಲಿ, ಮನೆಯವರೇ ಮಾಡಬೇಕು. ಶಿರಗುಪ್ಪಿಯಲ್ಲಿ ಅಪ್ಪ ಬಡಿಗರು, ಅವರ ಅಪ್ಪನೂ ಬಡಿಗರು. ನಾನೊಬ್ಬನೇ ಹುಬ್ಬಳ್ಳಿಗೆ ಬಂದು, ಓದಿ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದೆ. ಮೊಳೆ ಹೊಡೆಯಲು ಹೋದರೆ ಹೆಬ್ಬೆರಳಿಗೆ ಹೊಡೆದುಕೊಳ್ಳುವ ಪೈಕಿ. ಒಂದು ಕಪಾಟಿನ ವಿಷಯ ಬರೆಯಲು ಕೂತಿರುವುದರಿಂದ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಪಾಟು ಬೇಕಾದದ್ದು ಹನ್ನೊಂದು ಮಾದರಿಗಳಿಗೆ. ನನ್ನನ್ನು ಹುಬ್ಬಳ್ಳಿಯ ಸಾಲೆಗೆ ಹಾಕಿದ ವರ್ಷದಿಂದ ಅಪ್ಪ ಪ್ರತಿ ಯುಗಾದಿಗೆ ಒಕ್ಕಲುತನದ ಒಂದು ಸಾಮಾನಿನ ಸಣ್ಣ ಮಾದರಿ ಮಾಡಿ ನನಗೆ ಕೊಡುತ್ತಿದ್ದರು. ಅವುಗಳನ್ನು ಆಟಿಕೆ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅವಕ್ಕೆ ಅಳತೆ ಇತ್ತು. ದೊಡ್ಡದರಲ್ಲಿ ಒಂದು ಗೇಣು ಇದ್ದದ್ದು ಸಣ್ಣದರಲ್ಲಿ ಒಂದು ಬೆರಳು. ಗೇಣಿಗೆ ಹನ್ನೆರಡು ಬೆರಳಾದ್ದರಿಂದ ಎಲ್ಲವೂ ಹನ್ನೆರಡರಲ್ಲಿ ಒಂದು ಪಾಲು. ಇದನ್ನು ನಾನು ಮುಂದೆ ಪ್ರಮಾಣ ಎಂದು ಹುಡುಗರಿಗೆ ಪಾಠ ಹೇಳಿದೆ. ಅಪ್ಪನಿಗೆ ಆ ಶಬ್ದ ಗೊತ್ತಿರಲಿಲ್ಲ, ಬೆರಳು ಗೊತ್ತಿತ್ತು.

ಮೊದಲ ವರ್ಷ ನೊಗ. ಆಮೇಲೆ ರಂಟೆ, ಕುಂಟೆ, ಎಡೆಕುಂಟೆ ಹೀಗೆ ಒಂದೊಂದಾಗಿ ಬಂದು, ಹನ್ನೊಂದನೆಯ ಯುಗಾದಿಗೆ ಎತ್ತಿನ ಚಕ್ಕಡಿ ಬಂತು. ಜಾಲಿಯ ಕಟ್ಟಿಗೆಯ ತುಣುಕುಗಳಲ್ಲಿ ಮಾಡಿದ್ದು. ಕಬ್ಬಿಣದ ಭಾಗಗಳನ್ನು ಪಕ್ಕದ ಮನೆಯ ಕಮ್ಮಾರರಿಂದ ಬಡಿಸಿಕೊಳ್ಳುತ್ತಿದ್ದರು. ಚಕ್ಕಡಿಯ ಗಾಲಿಯನ್ನು ಬೆರಳಿನಿಂದ ತಿರುವಿದರೆ ಸುಮಾರು ಹೊತ್ತು ತಿರುಗುತ್ತಿತ್ತು, ಎಲ್ಲಿಯೂ ಓಲಾಡುತ್ತಿರಲಿಲ್ಲ.

ಇಲ್ಲದ್ದು ಬಿತ್ತುವ ಕೂರಿಗೆ ಒಂದೇ. ಕೂರಿಗೆ ನೋಡಲು ಸಾದಾ ಸಾಮಾನು. ಮೇಲೆ ಕಾಳು ಹಾಕುವ ಬಟ್ಟಲು, ಬಟ್ಟಲಿನ ತಳದಲ್ಲಿ ಮೂರು ತೂತು, ತೂತಿನಿಂದ ಇಳಿಯುವ ಮೂರು ಬಿದಿರ ಕೊಳವೆ, ಕೊಳವೆ ಮುಟ್ಟುವಲ್ಲಿ ನೆಲ ಸೀಳುವ ಮೂರು ತಾಳು, ತಾಳಿನ ತುದಿಗೆ ಕಬ್ಬಿಣದ ಮೊನೆ. ಆದರೆ ತೂತಿನ ಓರೆ ಕೂದಲಷ್ಟು ತಪ್ಪಿದರೂ ಒಂದು ಸಾಲಿಗೆ ಕಾಳು ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಅದು ಗೊತ್ತಾಗುವುದು ಬೆಳೆ ಮೊಳಕೆಯೊಡೆದ ಮೇಲೆ, ಹಾದಿಯಲ್ಲಿ ಹೋಗುವವರಿಗೆಲ್ಲ ಗೊತ್ತಾಗುತ್ತದೆ. ಬಡಿಗನ ಮರ್ಯಾದೆ ಇರುವುದು ಕೂರಿಗೆಯಲ್ಲಿ ಎಂದು ಅಪ್ಪ ಹೇಳುತ್ತಿದ್ದರು. ನಾನು ವರ್ಷವರ್ಷವೂ ಅದನ್ನೇ ಕೇಳುತ್ತಿದ್ದೆ.

"ಕೂರಗಿ ಕಡೀಕ" ಅನ್ನುತ್ತಿದ್ದರು.

ಚಕ್ಕಡಿ ಕೊಟ್ಟ ಮರುವರ್ಷ ನನಗೆ ನೌಕರಿಯಾಯಿತು. ಆ ಯುಗಾದಿಗೆ ಅವರು ಏನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅಷ್ಟರಲ್ಲಿ ಅವರ ಕಣ್ಣಿಗೆ ಮಂಜು ಕವಿಯತೊಡಗಿತ್ತು. ನನ್ನ ಮನಸ್ಸಿನಲ್ಲಿ ಹನ್ನೊಂದಕ್ಕೆ ಆ ಲೆಕ್ಕ ಮುಗಿಯಿತು.

ಹುಬ್ಬಳ್ಳಿಯಲ್ಲಿ ಬಾಡಿಗೆಯ ಒಂದು ಖೋಲಿಯಲ್ಲಿದ್ದಾಗ ಮಾದರಿಗಳು ಹಳೆಯ ಧೋತರದಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿದ್ದವು. ಮದುವೆಯಾಗಿ ಎರಡು ಖೋಲಿಯ ಮನೆಗೆ ಬಂದ ಮೇಲೂ ಟ್ರಂಕಿನಲ್ಲೇ ಉಳಿದವು. ಜಾಗವಿರಲಿಲ್ಲ ಎನ್ನುವುದು ಅರ್ಧ ನಿಜ. ಇನ್ನರ್ಧ ಏನೆಂದರೆ, ಚಹಾಕ್ಕೆ ಬರುವ ಜೊತೆಯ ಮಾಸ್ತರರ ಎದುರು ನೊಗ, ಕುಂಟೆ ಇಟ್ಟುಕೊಂಡು ಕೂರಲು ನನಗೆ ಸಂಕೋಚವಾಗುತ್ತಿತ್ತು. ಆ ವಯಸ್ಸಿನಲ್ಲಿ ನಾನು ಅಂಥವನಾಗಿದ್ದೆ.

ಒಂದು ಯುಗಾದಿಗೆ ಊರಿಗೆ ಹೋದಾಗ, ಊಟ ಮಾಡಿ ಕೂತ ಮೇಲೆ ಅಪ್ಪ ಕೇಳಿದರು.

"ಅವನ್ನೆಲ್ಲಾ ಎಲ್ಲಿ ಇಟ್ಟಿ?"

"ಕಪಾಟಿನ್ಯಾಗ ಇಟ್ಟೇನ್ರಿ ಅಪ್ಪಾ. ಬಂದವ್ರೆಲ್ಲಾ ನೋಡತಾರ."

ಬಾಯಿಗೆ ಬಂದದ್ದು ಹೇಳಿದ್ದೆ. ಅವರು ಅಷ್ಟಕ್ಕೇ ಬಿಡಲಿಲ್ಲ.

"ಯಾರ ಕಡಿಂದ ಮಾಡಿಸಿದಿ?"

ಬಡಿಗರ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ. ನಾನು ಅದನ್ನೇ ಹೇಳಿದೆ.

"ನಾನ ಮಾಡೇನ್ರಿ."

ಅಪ್ಪ ಅವ್ವನನ್ನು ಕರೆದು, ಕೇಳಿದ್ಯಾ, ಇಂವಾ ಕಪಾಟ ಮಾಡ್ಯಾನಂತ, ಎಂದರು. ಮರುದಿನ ಕಮ್ಮಾರರಿಗೆ ಹೇಳಿದರು, ಆಮೇಲೆ ಊರಲ್ಲಿ ಸಿಕ್ಕಸಿಕ್ಕವರಿಗೆ ಹೇಳಿದರು. ಮಗ ಸಾಲಿ ಕಲಿತರೂ ಕೈ ಬಿಟ್ಟಿಲ್ಲ ಎಂಬುದು ಅವರ ಮಾತಿನ ಧಾಟಿ. ನಾನು ಹುಬ್ಬಳ್ಳಿಗೆ ಬಂದು ಎಲ್ಲ ಮರೆತೆ.

ಎರಡು ವರ್ಷ ಕಳೆಯಿತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪನ ಕಣ್ಣಿನ ಪೊರೆ ಬಲಿತಿದೆ, ದೀಪಾವಳಿ ಮುಗಿದ ಮೇಲೆ ಆಪರೇಶನ್ನಿಗೆ ಹುಬ್ಬಳ್ಳಿಗೆ ಕರೆತರುತ್ತೇನೆ ಎಂದು ಅವ್ವ ಯಾರ ಕೈಯಲ್ಲೋ ಕಾಗದ ಬರೆಸಿದಳು. ಕೊನೆಯ ಸಾಲಿನಲ್ಲಿ ಅಪ್ಪನ ಮಾತೂ ಇತ್ತು. ಕಣ್ಣು ಬಂದ ಮೇಲೆ ಮೊದಲು ನಿನ್ನ ಕಪಾಟು ನೋಡಬೇಕು ಎಂದಿದ್ದಾರೆ, ಎಂದು.

ಕಾಗದವನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳಿಗೆ ಸಂಗತಿ ಗೊತ್ತಿತ್ತು.

"ಪ್ಯಾಟ್ಯಾಗ ಒಂದು ಸಿದ್ಧ ಕಪಾಟ ತಂದ್ರ ಆತಲ್ರಿ" ಅಂದಳು.

ಆಗುವ ಮಾತಲ್ಲ. ಅಪ್ಪನಿಗೆ ಕಣ್ಣು ಮಂಜಾಗಿದ್ದವೇ ಹೊರತು ಕೈ ಮಂಜಾಗಿರಲಿಲ್ಲ. ಪೇಟೆಯ ಕಪಾಟಿನ ಮೂಲೆ ಮುಟ್ಟಿದರೆ ಸಾಕು, ಕಸುಬಿನವನ ಕೆಲಸ ಎಂದು ಹೇಳಿಬಿಡುತ್ತಾರೆ. ಆಗ ಹೋಗುವುದು ನನ್ನ ಮಾನ ಒಂದೇ ಅಲ್ಲ. ಅವರು ಇಡೀ ಊರಿಗೆ ಹೇಳಿಕೊಂಡು ಬಂದ ಮಾತೂ ಅದರ ಜೊತೆ ಹೋಗುತ್ತದೆ. ದೀಪಾವಳಿ ರಜೆ ಮುಗಿಯುವುದರೊಳಗೆ ಕಪಾಟನ್ನು ನಾನೇ ಮಾಡಬೇಕಾಗಿತ್ತು.

ಹಳೆಯ ಕಟ್ಟಿಗೆ ಮಾರುವವರ ಹತ್ತಿರ, ಯಂತ್ರಗಳು ಬಂದಿದ್ದ ದೇವದಾರು ಪೆಟ್ಟಿಗೆಗಳನ್ನು ಬಿಚ್ಚಿದ ಹಲಗೆಗಳು ಸಿಕ್ಕವು. ಕೆಲವು ಹಲಗೆಗಳ ಮೇಲೆ ಇಂಗ್ಲಿಷಿನ ಕರಿ ಅಕ್ಷರಗಳಿದ್ದವು. ಒಂದರ ಮೇಲೆ, ಈ ಕಡೆ ಮೇಲಿರಲಿ ಎಂದು ತೋರಿಸುವ ದಪ್ಪ ಬಾಣವಿತ್ತು. ಗರಗಸ, ಸುತ್ತಿಗೆ, ಹಲಗೆ ಹೆರೆಯುವ ರಂದಾ ಕೊಂಡೆ. ಅಂಗಡಿಯವರೆಲ್ಲ ಅಡಿ ಬಿಟ್ಟು ಮೀಟರಿಗೆ ಹೊರಳುತ್ತಿದ್ದ ಕಾಲವದು, ಅಳತೆಪಟ್ಟಿಯಲ್ಲಿ ಎರಡೂ ಇದ್ದವು. ನಾನು ಇಂಚೇ ಹಿಡಿದೆ. ಮೂಲೆ ನೋಡಲು ಸಾಲೆಯ ಕಟ್ಟಿಗೆಯ ತ್ರಿಕೋನ ತಂದಿದ್ದೆ.

ಮೊದಲು ಚೌಕಳಿ ಕಾಗದದ ಮೇಲೆ ನಕ್ಷೆ ಹಾಕಿದೆ. ಮೂರು ಸಾಲು, ಸಾಲಿಗೆ ನಾಲ್ಕು ಖಣ, ಒಟ್ಟು ಹನ್ನೆರಡು ಖಣ. ಉದ್ದ ನಾಲ್ಕಡಿ, ಒಂದೊಂದು ಖಣದ ಅಗಲ ಸರಿಯಾಗಿ ಒಂದಡಿ. ಚಕ್ಕಡಿಯ ಉದ್ದವೂ ಒಂದಡಿ. ನಕ್ಷೆ ಎಷ್ಟು ಚೆಂದ ಬಂದಿತ್ತೆಂದರೆ ಅದನ್ನೇ ಗೋಡೆಗೆ ಅಂಟಿಸಬಹುದಿತ್ತು.

ರಜೆಯ ಮುಂಜಾನೆಗಳೆಲ್ಲ ಅಂಗಳದಲ್ಲಿ ಕಳೆದವು. ಹೆಂಡತಿ ಹಲಗೆಯ ಒಂದು ತುದಿ ಹಿಡಿದು ಕೂರುತ್ತಿದ್ದಳು, ನಾನು ಕೊಯ್ಯುತ್ತಿದ್ದೆ. ಗರಗಸ ನಾನು ಎಳೆದ ಗೆರೆಯನ್ನು ಗೌರವಿಸಲಿಲ್ಲ. ಮೊಳೆ ಬಾಗುತ್ತಿತ್ತು, ಕೀಳಲು ಹೋದರೆ ಹಲಗೆ ಸೀಳುತ್ತಿತ್ತು. ಒಂದು ಮೂಲೆಯಲ್ಲಿ ಎರಡು ಮೊಳೆ ಬಾಗಿಯೇ ಉಳಿದವು, ಅವುಗಳ ಪಕ್ಕ ಮೂರನೆಯದನ್ನು ಹೊಡೆದೆ. ಇಷ್ಟೆಲ್ಲ ಆಗಿ ಕಪಾಟು ಎದ್ದು ನಿಂತ ದಿನ ಚಕ್ಕಡಿಯನ್ನು ಅದರ ಖಣದಲ್ಲಿ ಇಡಲು ಹೋದೆ. ಹಿಡಿಯಲಿಲ್ಲ.

ತಪ್ಪು ಗೊತ್ತಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಹಲಗೆಯ ದಪ್ಪವನ್ನು ನಾನು ಲೆಕ್ಕಕ್ಕೇ ತಂದಿರಲಿಲ್ಲ. ಸಾಲಿನಲ್ಲಿ ನಿಂತ ಹಲಗೆಗಳು ಐದು, ಒಂದೊಂದೂ ಅರ್ಧ ಇಂಚು ದಪ್ಪ, ಎರಡೂವರೆ ಇಂಚು ಅವುಗಳ ಹೊಟ್ಟೆಗೇ ಹೋಗಿತ್ತು. ರೇಖೆಗೆ ಉದ್ದವಿದೆ, ದಪ್ಪವಿಲ್ಲ ಎಂದು ವರ್ಷಗಟ್ಟಲೆ ಪಾಠ ಹೇಳಿದವನು ಬೇರೆ ಏನು ಮಾಡಿಯಾನು? ಬಡಿಗರ ಮಗನಾಗಿ ಹುಟ್ಟಿ ಗಣಿತದ ಮಾಸ್ತರನಾದವನೇ ಮಾಡಬೇಕಾದ ತಪ್ಪು ಅದು. ಬಿಚ್ಚಿ ಮತ್ತೆ ಕಟ್ಟಲು ದಿನಗಳಿರಲಿಲ್ಲ. ಕೆಳಗಿನ ಸಾಲಿನ ಒಂದು ನಡುಹಲಗೆಯನ್ನು ಕಿತ್ತು ಎರಡು ಖಣಗಳನ್ನು ಒಂದು ಮಾಡಿದೆ. ಚಕ್ಕಡಿ ಆರಾಮಾಗಿ ಕೂತಿತು. ಈಗ ಖಣ ಹನ್ನೊಂದು, ಮಾದರಿಯೂ ಹನ್ನೊಂದು. ಕೆಟ್ಟದ್ದರಲ್ಲೂ ಲೆಕ್ಕ ಕೂಡಿತೆಂದು ನನಗೆ ಸಮಾಧಾನವೇ ಆಯಿತು.

ಬಾಣದ ಗುರುತೊಂದು ಹೋಗಿರಲಿಲ್ಲವೇ ಹೊರತು ಹಲಗೆಗಳೆಲ್ಲ ಹೊಸದಾಗಿ ಹೆರೆದು ಬೆಳ್ಳಗಿದ್ದವು, ಎರಡು ವರ್ಷದ ಕಪಾಟಿನ ಬಣ್ಣ ಬರಲಿಲ್ಲ. ಹೆಂಡತಿ ಒಂದು ಉಪಾಯ ಹೇಳಿದಳು. ಚಹಾಪುಡಿಯನ್ನು ಗಟ್ಟಿಯಾಗಿ ಕುದಿಸಿ, ಆ ನೀರನ್ನು ಅರಿವೆಯಲ್ಲಿ ಅದ್ದಿ ಎರಡು ದಿನ ಒರೆಸಿದೆವು. ಬಣ್ಣ ಚೆನ್ನಾಗಿಯೇ ಬಂತು.

ಅಪ್ಪ, ಅವ್ವ ಬಂದರು. ಅಪ್ಪನ ಬಗಲಲ್ಲಿ ಒಂದು ಬಟ್ಟೆಯ ಗಂಟಿತ್ತು. ಸೊಸೆ ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ. ಅವರಿಗೆ ಆಗ ಬೆಳಕು, ನೆರಳು ಇಷ್ಟೇ ಕಾಣುತ್ತಿತ್ತು. ಕಾಲು ತೊಳೆದುಕೊಂಡು ಒಳಗೆ ಬಂದವರೇ ಕೇಳಿದರು.

"ಎಲ್ಲೈತಿ ನಿನ್ನ ಕಪಾಟ?"

ಕೈ ಹಿಡಿದು ಅದರ ಮುಂದೆ ಕೂರಿಸಿದೆ. ಗಂಟನ್ನು ಪಕ್ಕದಲ್ಲಿಟ್ಟುಕೊಂಡರು. ಎರಡೂ ಕೈಗಳಿಂದ ಅಂಚು ಹಿಡಿದು ಕೆಳಗಿನಿಂದ ಮೇಲಕ್ಕೆ ಸವರಿದರು. ಮೊಳೆಗಳಿದ್ದ ಮೂಲೆಗೆ ಬಂದು ಬೆರಳು ನಿಂತಿತು.

"ಇಲ್ಲಿ ಮೂರ ಮೊಳಿ ಯಾಕ?"

"ಎರಡು ಬಾಗಿದ್ವುರಿ."

"ಹೌದು, ನೀನ ಮಾಡೀ" ಅಂದರು. ಆಮೇಲೆ ಹಲಗೆಗೆ ಮೂಗು ಹಚ್ಚಿದರು. "ಎರಡ ವರ್ಷದ ಕಪಾಟ, ಇನ್ನೂ ಚಾ ಕುಡ್ಯಾಕತ್ತೇತಿ."

ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ಒಳಗೆ ಸರಿದಳು. ನಾನು ತಲೆ ತಗ್ಗಿಸಿ ನಿಂತೆ. ಅಪ್ಪ ಆ ವಿಷಯ ಮುಂದೆ ಬೆಳೆಸಲಿಲ್ಲ. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ನಗುವಿನ ಹತ್ತಿರದ್ದು ಏನೋ ಇತ್ತು. ಕಪಾಟಿಗೆ ಎರಡು ವರ್ಷವಾಗದಿದ್ದರೇನು, ಮಾಡಿದವನು ನಾನೇ ಎನ್ನುವುದು ಅವರಿಗೆ ಸಾಕಾಗಿತ್ತು.

ನಂತರ ಎಣಿಸತೊಡಗಿದರು. ಕಣದಲ್ಲಿ ಕಾಳು ಅಳೆಯುವಾಗ ನಮ್ಮ ಕಡೆ ಒಂದು ಎನ್ನುವುದಿಲ್ಲ, ಲಾಭ ಎಂದೇ ಶುರುಮಾಡುತ್ತಾರೆ. ಅಪ್ಪ ಹಾಗೇ ಎಣಿಸಿದರು. ಲಾಭ, ಎರಡು, ಮೂರು ಎನ್ನುತ್ತ ಒಂದೊಂದು ಖಣಕ್ಕೂ ಕೈ ಹಾಕಿ, ಒಳಗಿನ ಮಾದರಿಯನ್ನು ಮುಟ್ಟಿ, ಮುಂದಕ್ಕೆ ಹೋದರು. ಹನ್ನೊಂದಕ್ಕೆ ಚಕ್ಕಡಿ ಸಿಕ್ಕಿತು. ಕೈ ಇನ್ನೂ ಮುಂದೆ ಹೋಗಿ ಪಕ್ಕದ ಹಲಗೆಗೆ ತಾಗಿತು. ಮತ್ತೆ ಮೇಲಿನ ಸಾಲಿಗೆ ಹೋಗಿ ಇನ್ನೊಮ್ಮೆ ಮೊದಲಿನಿಂದ ಎಣಿಸಿದರು.

"ತುಂಬೇತಿ" ಅಂದರು.

"ಹೌದ್ರಿ ಅಪ್ಪಾ. ಒಂದೂ ಖಣ ಖಾಲಿ ಉಳಿದಿಲ್ಲ" ಎಂದು ನಾನು ಅಭಿಮಾನದಿಂದಲೇ ಹೇಳಿದೆ.

ಅವರು ಗಂಟನ್ನು ಹತ್ತಿರಕ್ಕೆ ಎಳೆದುಕೊಂಡು, ಛಲೋ ಆತು ಬಿಡು, ಎಂದು ಎದ್ದರು. ಆ ಗಂಟು ಎಳೆದುಕೊಂಡದ್ದನ್ನು ನಾನು ನೋಡಿದೆ. ನೋಡಿದೆ ಅಷ್ಟೇ, ಅದರಲ್ಲಿ ಏನಿದೆ ಎಂದು ಕೇಳಬೇಕೆನ್ನುವ ಬುದ್ಧಿ ಬರಲಿಲ್ಲ.

ಆಪರೇಶನ್ ಆಯಿತು. ಒಂದೇ ಕಣ್ಣಿಗೆ ಮಾಡಿದರೂ ಎರಡಕ್ಕೂ ಪಟ್ಟಿ ಕಟ್ಟಿ, ತಲೆ ಅಲುಗಾಡದಂತೆ ಎರಡೂ ಕಡೆ ಉಸುಕಿನ ಚೀಲ ಇಟ್ಟು ಮಲಗಿಸಿದ್ದರು. ಗಂಟು ಮಂಚದ ಕೆಳಗಿತ್ತು. ಹೆಂಡತಿ ಅದನ್ನು ಮನೆಗೆ ಒಯ್ಯಲು ಎತ್ತಿಕೊಂಡಾಗ, ಇರ್ಲಿ ಬಿಡವಾ, ಅದು ನನ್ನ ಹತ್ರನ ಇರ್ಲಿ, ಎಂದರಂತೆ. ಔಷಧಿಯ ಗಂಟೋ ದೇವರ ಗಂಟೋ ಇರಬೇಕೆಂದು ನಾವು ತಿಳಿದೆವು. ಪಟ್ಟಿ ಬಿಚ್ಚಿದ ಮೇಲೆ ಅದನ್ನು ಬಗಲಲ್ಲಿಟ್ಟುಕೊಂಡೇ ಊರಿಗೆ ಹೋದರು.

ಒಂದೂವರೆ ತಿಂಗಳಾದ ಮೇಲೆ ಚಷ್ಮಾ ಹಾಕಿಸಿಕೊಳ್ಳಲು ಊರವರೊಬ್ಬರ ಜೊತೆ ಬಂದರು. ದಪ್ಪ ಗಾಜಿನ ಚಷ್ಮಾ, ಅದರ ಹಿಂದೆ ಕಣ್ಣು ಅಂಗೈಯಷ್ಟು ಕಾಣುತ್ತಿತ್ತು. ಮನೆಗೆ ಬಂದು ನೇರ ಕಪಾಟಿನ ಮುಂದೆ ನಿಂತರು. ಮೊದಲು ತಮ್ಮ ಮಾದರಿಗಳನ್ನು ಒಂದೊಂದಾಗಿ ತೆಗೆದು ನೋಡಿ ಇಟ್ಟರು. ಆಮೇಲೆ ಕಪಾಟನ್ನು ನೋಡಿದರು. ಹಲಗೆಯ ಮಟ್ಟಕ್ಕೆ ಬಾಗಿ, ಅಂಚಿನ ಗುಂಟ ಈ ತುದಿಯಿಂದ ಆ ತುದಿಯವರೆಗೆ ಕಣ್ಣೋಡಿಸಿದರು. ಬಡಿಗರು ಹಾಗೆ ನೋಡಿದರೆ ಸೊಟ್ಟ ಒಂದೂ ಉಳಿಯುವುದಿಲ್ಲ.

"ಈ ಬಾಣ ಯಾಕ ತೆಳಗ ಮಾರಿ ಮಾಡೇತಿ?"

"ಹಲಗಿ ತಲಿಕೆಳಗಾಗೇತ್ರಿ" ಅಂದೆ.

ಅಪ್ಪ ನಕ್ಕರು. ಇನ್ನೂ ಸ್ವಲ್ಪ ಹೊತ್ತು ನೋಡಿ, "ಇರ್ಲಿ ಬಿಡು, ನಿಂತೈತಲ್ಲ" ಅಂದರು. ನನಗೆ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು.

ಯುಗಾದಿಗೆ ಊರಿಗೆ ಹೋದೆ. ಅಪ್ಪ ಕೆಲಸದ ಚಪ್ಪರದಲ್ಲಿದ್ದರು. ಅವ್ವ ಹಿತ್ತಲಲ್ಲಿ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಕೈ ತೊಳೆದುಕೊಂಡು ಒಳಗೆ ಹೋಗಿ, ಗೋಡೆಯ ಮಾಡದಿಂದ ಒಂದು ಕಾಗದದ ಪೊಟ್ಟಣ ತಂದು ನನ್ನ ಅಂಗೈಯಲ್ಲಿಟ್ಟಳು. ಬಿಚ್ಚಿದೆ. ಉಗುರಿನಷ್ಟು ಸಣ್ಣ ಮೂರು ಕಬ್ಬಿಣದ ಮೊನೆಗಳು, ಸುಟ್ಟು ಕರ್ರಗಾಗಿದ್ದವು.

"ಬೂದ್ಯಾಗ ಸಿಕ್ಕುವು. ನಿನ್ನ ಕೂರಗಿವು" ಅಂದಳು.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅವ್ವ ದನಿ ತಗ್ಗಿಸಿ ಹೇಳಿದಳು. ನಾನು ಕಪಾಟು ಮಾಡಿದ್ದೇನೆ ಎಂದ ದಿನದಿಂದ ಅಪ್ಪನಿಗೆ ಕೂರಿಗೆಯ ಹುಚ್ಚು ಹಿಡಿಯಿತಂತೆ. ಮಾಡಿದ್ದು, ಮುರಿದದ್ದು ಎಷ್ಟೋ. ಕೊನೆಯದನ್ನು ಶ್ರಾವಣದಲ್ಲಿ ಶುರುಮಾಡಿದರು, ಅಷ್ಟೊತ್ತಿಗೆ ಕಣ್ಣು ಪೂರಾ ಹೋಗಿದ್ದವು. ಬೆರಳಿನಿಂದ ಮುಟ್ಟಿಮುಟ್ಟಿ ಬಟ್ಟಲು ಕೊರೆದರು, ತೂತು ಹಾಕಿದರು. ದೀಪಾವಳಿಗೆ ಮುಗಿಯಿತು. ಅದನ್ನೇ ಗಂಟು ಕಟ್ಟಿಕೊಂಡು ಹುಬ್ಬಳ್ಳಿಗೆ ತಂದಿದ್ದರು.

"ಹೊಳ್ಳಿ ಬರೂವಾಗ ಬಸ್ಸಿನ್ಯಾಗ ಅಂದ್ರು, ಅದಕ್ಕ ಖಣ ಇಲ್ಲ ಅಂತ. ಕಪಾಟಿನ ಮ್ಯಾಲ ಇಟ್ಟ ಬರೂಣ ಅಂತ ನಾ ಅಂದ್ನಿ. ಜಾಗಾ ಬಿಟ್ಟಿದ್ರ ಇಡತಿದ್ನಿ ಅಂದ್ರು, ಅಷ್ಟ."

"ಸುಟ್ಟವರು ಯಾರು?" ಎಂದು ಕೇಳಿದೆ. ಗೊತ್ತಿದ್ದೇ ಕೇಳಿದೆ.

"ಅವರ. ಚಷ್ಮಾ ಹಾಕ್ಕೊಂಡು ಬಂದ ಮರುದಿನ ಅಂಗಳದಾಗ ಬಿಸಲಿಗೆ ಹಿಡದು ನೋಡಿದ್ರು. ನಡುವಿನ ತಾಳು ವಾಲಿತ್ತಂತ, ತೂತು ಓರೆ ತಪ್ಪಿದ್ವಂತ. ಇದು ನನ್ನ ಕೈದಲ್ಲ ಅಂತ ಅಂದು ಬಚ್ಚಲ ಒಲ್ಯಾಗ ಹಾಕಿದ್ರು. ನಾ ಕಸಗೊಳ್ಳಾಕ ಹೋಗೂದ್ರಾಗ ಹತ್ತಿಬಿಟ್ಟಿತ್ತು."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಆಮೇಲೆ ದುಃಖ ಬಂತು. ಅದು ಯಾತಕ್ಕೆ ಎಂದು ಚೆನ್ನಾಗಿ ತಿಳಿದಿತ್ತು. ಅದೇ ಚಷ್ಮಾದಿಂದ ಹಿಂದಿನ ದಿನವಷ್ಟೇ ಅವರು ನನ್ನ ಕಪಾಟು ನೋಡಿದ್ದರು. ಅದರ ಸೊಟ್ಟ, ಬಾಗಿದ ಮೊಳೆ, ತಲೆಕೆಳಗಿನ ಬಾಣ ಎಲ್ಲ ಕಂಡು, ಇರಲಿ ಬಿಡು ಎಂದಿದ್ದರು. ನನಗೆ ಕೊಟ್ಟ ಮಾಫಿಯನ್ನು ತಮಗೆ ಕೊಟ್ಟುಕೊಳ್ಳಲಿಲ್ಲ. ಚಪ್ಪರದಿಂದ ಕಟ್ಟಿಗೆ ಕೆತ್ತುವ ಬಾಚಿಯ ಸಪ್ಪಳ ಬರುತ್ತಿತ್ತು. ಪೊಟ್ಟಣವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ಬಂದೆ.

ಆ ಬೇಸಿಗೆ ರಜೆಯಲ್ಲಿ ಕಪಾಟಿನ ಬಲಮಗ್ಗುಲಿಗೆ ಹನ್ನೆರಡನೆಯ ಖಣ ಕಟ್ಟಿದೆ. ಈ ಸಲ ಹಲಗೆಯ ದಪ್ಪ ಲೆಕ್ಕ ಹಿಡಿದೆ. ಆದರೂ ಅದು ಆಮೇಲೆ ಅಂಟಿಸಿದ್ದೆಂದು ಯಾರಿಗಾದರೂ ಕಾಣುವಂತೆ ಪಕ್ಕಕ್ಕೆ ಚಾಚಿಕೊಂಡಿತು. ಚಹಾದ ಬಣ್ಣ ಹಚ್ಚಲಿಲ್ಲ. ಮೂರು ಮೊನೆಗಳನ್ನು ತಿಕ್ಕಿ ಎಣ್ಣೆ ಒರೆಸಿ ಅದರಲ್ಲಿ ಸುಮ್ಮನೆ ಮಲಗಿಸಿದೆ.

ಮುಂದಿನ ಚಳಿಗಾಲ ಅಪ್ಪ ಎರಡನೆಯ ಕಣ್ಣಿಗೆಂದು ಬಂದರು. ನಾನು ಸಾಲೆ ಬಿಟ್ಟು ಮನೆಗೆ ಬರುವ ಹೊತ್ತಿಗೆ ಕಪಾಟಿನ ಮುಂದೆ ನಿಂತಿದ್ದರು. ನಾನು ಹೊರಬಾಗಿಲಲ್ಲೇ ನಿಂತೆ. ಲಾಭ, ಎರಡು, ಮೂರು ಎಂದು ತುಟಿಯೊಳಗೇ ಎಣಿಸುವುದು ಕೇಳಿಸಿತು. ಹನ್ನೊಂದಾದ ಮೇಲೆ ದನಿ ನಿಂತಿತು. ಹೊಸ ಖಣದೊಳಗೆ ಕೈ ಹೋಯಿತು. ಬಹಳ ಹೊತ್ತು ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಭುಜ ಎರಡು ಮೂರು ಸಲ ಒತ್ತಿದಂತೆ ಅಲುಗಿತು. ಆಮೇಲೆ ತಿರುಗಿ ನನ್ನನ್ನು ಕಂಡು, "ಲಗೂ ಬಂದಿ. ಚಾ ಮಾಡಸು" ಎಂದು ಹಿತ್ತಲಿಗೆ ಹೋದರು.

ನಾನು ಹೋಗಿ ನೋಡಿದೆ. ಮಲಗಿಸಿದ್ದ ಮೂರು ಮೊನೆಗಳು ಎದ್ದು ನಿಂತಿದ್ದವು. ದೇವದಾರು ಮೆತ್ತನೆಯ ಕಟ್ಟಿಗೆ. ಹೊಲಕ್ಕೆ ಇ‍ಳಿದ ಕೂರಿಗೆಯ ಹಾಗೆ, ಚೂಪು ಕೆಳಗಾಗಿ, ಒಂದೇ ಸಾಲಿನಲ್ಲಿ ಹಲಗೆಗೆ ಒತ್ತಿ ನಿಲ್ಲಿಸಿದ್ದರು. ಜೋಳ ಬಿತ್ತುವ ಕೂರಿಗೆಯಲ್ಲಿ ತಾಳಿನಿಂದ ತಾಳಿಗೆ ಒಂದೂವರೆ ಗೇಣು. ಬೆರಳಿಟ್ಟು ಅಳೆದೆ. ಎರಡು ಕಡೆಯೂ ಒಂದೂವರೆ ಬೆರಳು.

ನನ್ನ ಇಡೀ ಕಪಾಟಿನಲ್ಲಿ ಅಳತೆ ತಪ್ಪದೆ ಇರುವುದು ಅದೊಂದೇ ಜಾಗ.